ಹಿತ್ತಲಿನ ಹಕ್ಕಿಗಳಿಗೆ ನೀರು: ಒರಳಿನಿಂದ ಬಟ್ಟಲಿಗೆ

ಕೋಲಾರದ ಅಂತರಗಂಗೆ ಬೆಟ್ಟದ ಬುಡಕ್ಕೆ ಹತ್ತಿರವಿರುವ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜಿಯ ಕಾಲದ ಒಂದು ಕಲ್ಲಿನ ಒರಳಿದೆ. ಮನೆಗೆ ಗ್ರೈಂಡರ್ ಬಂದ ಮೇಲೆ ಅದು ಅಡುಗೆಮನೆಯಿಂದ ಹೊರಬಿದ್ದು ದಾಸವಾಳದ ಪೊದೆಯ ಪಕ್ಕ ಕುಳಿತಿತ್ತು. ಮಳೆ ಬಂದಾಗ ಅದರ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು. ಪಿಕಳಾರಗಳು ಅಂಚಿನ ಮೇಲೆ ಕುಳಿತು ಬಗ್ಗಿ ಕುಡಿಯುತ್ತಿದ್ದವು. ಅದನ್ನು ನೋಡಿ ಬೇಸಿಗೆಯಲ್ಲಿ ನಾನೇ ಒಂದು ಚೊಂಬು ನೀರು ಸುರಿಯುವುದನ್ನು ರೂಢಿ ಮಾಡಿಕೊಂಡೆ. ಹೀಗೆ ತಾನಾಗಿ ಶುರುವಾದ ಕೆಲಸವನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂದು ನಾನು ಕುಳಿತು ಯೋಚಿಸಿದ್ದು ಮೂರು ವರ್ಷ ಕಳೆದ ಮೇಲೆ, 2024ರ ಮಳೆಗಾಲದಲ್ಲಿ.

ಆ ವರ್ಷ ರಾಜ್ಯದಲ್ಲೆಲ್ಲ ಡೆಂಗಿ ಹೆಚ್ಚಾಗಿತ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು. ಮನೆಮನೆಗೆ ಬಂದು ತೊಟ್ಟಿ, ಡ್ರಮ್ಮುಗಳನ್ನು ನೋಡುತ್ತಿದ್ದ ಆಶಾ ಕಾರ್ಯಕರ್ತೆ ನಮ್ಮ ಹಿತ್ತಲಿಗೂ ಬಂದರು. ಒರಳಿನ ಗುಂಡಿಗೆ ಟಾರ್ಚಿನ ಬೆಳಕು ಬಿಟ್ಟು ನನ್ನನ್ನು ಕರೆದು ತೋರಿಸಿದರು. ಅಂಗೈಯಗಲದ ನೀರಿನಲ್ಲಿ ನೂಲಿನ ತುಂಡುಗಳಂಥ ಹತ್ತಾರು ಹುಳಗಳು ಬಾಲವನ್ನು ನೀರಿನ ಮೇಲ್ಮೈಗೆ ತಗುಲಿಸಿ ತಲೆಕೆಳಗಾಗಿ ನೇತಾಡುತ್ತಿದ್ದವು. ಬೆಳಕು ಬಿದ್ದ ಕೂಡಲೇ ಅವು ಮೈ ಕೊಂಕಿಸುತ್ತ ತಳಕ್ಕೆ ಇಳಿದವು. ಹಕ್ಕಿಗಳಿಗೆಂದು ಇಟ್ಟ ನೀರು ಇದು ಎಂದೆ. ‘ಹಕ್ಕಿಗೆ ಇಡಿ, ಬೇಡ ಅನ್ನುವುದಿಲ್ಲ. ಆದರೆ ಬಗ್ಗಿಸಿ ಚೆಲ್ಲಲು ಬರುವಂಥದ್ದರಲ್ಲಿ ಇಡಿ’ ಎಂದು ಹೇಳಿ ಅವರು ಮುಂದಿನ ಮನೆಗೆ ಹೋದರು. ಇಬ್ಬರು ಸೇರಿದರೂ ಅಲುಗಿಸಲಾಗದ ಆ ಒರಳಿನ ನೀರನ್ನು ನಾನು ಹಳೆಯ ಬಟ್ಟೆಯಲ್ಲಿ ಅದ್ದಿ ಅದ್ದಿ ಹಿಂಡಿ ತೆಗೆದೆ. ಎರಡು ಬೀದಿ ಆಚೆ ಒಂದು ಮಗು ಜ್ವರದಿಂದ ಆಸ್ಪತ್ರೆ ಸೇರಿದ್ದ ವಾರ ಅದು. ಆ ಕೆಲಸ ಮಾಡುವಾಗ ನನ್ನ ಮನಸ್ಸಿಗೆ ಬಹಳ ಕಸಿವಿಸಿಯಾಯಿತು.

ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಬಗ್ಗೆ ಆಗ ತಿಳಿದುಕೊಂಡ ಎರಡು ಸಂಗತಿಗಳು ನನ್ನ ತೀರ್ಮಾನಕ್ಕೆ ಆಧಾರವಾದವು. ಮೊದಲನೆಯದು, ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಬೇಕು. ಆದ್ದರಿಂದ ದಿನವೂ ನೀರು ಬದಲಾಯಿಸುವ ಪಾತ್ರೆಯಲ್ಲಿ ಅದು ಬೆಳೆಯಲಾರದು. ಎರಡನೆಯದು, ಅದು ಮೊಟ್ಟೆ ಇಡುವುದು ನೀರಿಗಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಯ ತೇವದ ಮೇಲೆ. ಆ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಅಂದರೆ ನೀರು ಚೆಲ್ಲಿದರಷ್ಟೇ ಸಾಲದು, ಗೋಡೆಯನ್ನು ಉಜ್ಜಬೇಕು. ಬೇಸಿಗೆಯಲ್ಲಿ ನೀರು ಆರಿದ್ದ ಒರಳನ್ನು ಕಂಡು ‘ಒಣಗಿದೆಯಲ್ಲ’ ಎಂದು ನಾನು ಸಮಾಧಾನಪಟ್ಟಿದ್ದು ತಪ್ಪಾಗಿತ್ತು. ಒರಳಿಗೆ ಗಪ್ಪಿ ಮೀನು ಬಿಡಿ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟರು. ಬಾವಿಗೆ, ದೊಡ್ಡ ತೊಟ್ಟಿಗೆ ಅದು ಸರಿ. ಏಪ್ರಿಲ್ ಬಿಸಿಲಿನಲ್ಲಿ ಸೇರು ನೀರು ಹಿಡಿಯುವ ಗುಂಡಿಯಲ್ಲಿ ಮೀನನ್ನು ಇಡುವುದು ಮೀನಿಗೆ ಮಾಡುವ ಹಿಂಸೆ.

ಹಾಗಾದರೆ ನಿಲ್ಲಿಸಿಬಿಡಬಹುದಲ್ಲ ಎಂಬ ಪ್ರಶ್ನೆಯನ್ನೂ ನಾನು ಪ್ರಾಮಾಣಿಕವಾಗಿಯೇ ಕೇಳಿಕೊಂಡೆ. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರತೊಡಗಿ ಎಷ್ಟೋ ಕೆರೆಗಳು ಮತ್ತೆ ತುಂಬಿವೆ. ಬೆಳ್ಳಕ್ಕಿ, ಕೊಕ್ಕರೆಗಳಿಗೆ ಅದು ಒದಗಿದೆ. ಆದರೆ ಬೇಲಿಯ ಗಿಡಗಳ ನಡುವೆಯೇ ಬದುಕುವ ಟುವ್ವಿಹಕ್ಕಿ, ಪಿಕಳಾರ, ಹರಟೆಮಲ್ಲಗಳು ನಮ್ಮ ಬೀದಿಗಳಿಂದ ಕೆರೆಯವರೆಗೆ ನೀರಿಗಾಗಿ ಹೋಗುವುದನ್ನು ನಾನು ಕಂಡಿಲ್ಲ. ಹಿಂದೆ ಸೇದುಬಾವಿಯ ಕಟ್ಟೆ, ದನಗಳ ಕಲ್ಲುಬಾನಿ, ಪಾತ್ರೆ ತೊಳೆದ ನೀರು ಹರಿಯುವ ಬಚ್ಚಲ ಕಾಲುವೆ ಅವುಗಳಿಗೆ ಸಾಕಾಗುತ್ತಿದ್ದವು. ಈಗ ಬಾವಿಗಳು ಮುಚ್ಚಿಹೋಗಿ, ಹಿತ್ತಲುಗಳಿಗೆ ಸಿಮೆಂಟು ಬಿದ್ದು, ಕೊಳವೆಬಾವಿಯ ನೀರು ನೆಲದ ಆಳದಿಂದ ನೇರವಾಗಿ ಮುಚ್ಚಿದ ಸಂಪಿಗೆ ಹೋಗುತ್ತದೆ. ಹಕ್ಕಿಗಳಿಗೆ ಬೆವರುವ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟು, ಒಳಗಿನ ತೇವವನ್ನು ಆರಿಸಿಯೇ ಅವು ಮೈ ತಣಿಸಿಕೊಳ್ಳಬೇಕು. ಆ ತೇವವನ್ನು ಮತ್ತೆ ತುಂಬಿಕೊಳ್ಳಲು ನೀರು ಬೇಕೇ ಬೇಕು. ಆ ಒಂದು ಬೇಸಿಗೆ ನಾನು ಒರಳನ್ನು ಖಾಲಿಯಿಟ್ಟಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಲು ನನಗೆ ಕಷ್ಟವಾಗಲಿಲ್ಲ: ಮಧ್ಯಾಹ್ನದ ಹೊತ್ತು ಸೀಬೆಗಿಡದ ನೆರಳಲ್ಲಿ ರೆಕ್ಕೆ ಜೋಲಿಸಿ, ಬಾಯಿ ತೆರೆದು ಸಾಲಾಗಿ ಕೂರುತ್ತಿದ್ದ ಹರಟೆಮಲ್ಲಗಳನ್ನು ನಾನು ದಿನವೂ ನೋಡಿದ್ದೆ.

ಮನೆಯಲ್ಲಿ ಎದ್ದ ಆಕ್ಷೇಪಣೆ ಬೇರೆಯದು. ನಮಗೇ ಟ್ಯಾಂಕರ್ ತರಿಸಿಕೊಳ್ಳುವ ಸ್ಥಿತಿ ಇರುವಾಗ ಹಕ್ಕಿಗೆ ನೀರು ಸುರಿಯುವುದೇ ಎಂದು ನನ್ನ ಹೆಂಡತಿ ಕೇಳಿದಳು. ಕೋಲಾರದವರು ಯಾರೂ ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಾನು ಅಳೆದು ನೋಡಿದೆ; ಎರಡು ಬಾರಿ ತುಂಬಿದರೂ ದಿನಕ್ಕೆ ಎರಡು ಲೀಟರು ದಾಟುವುದಿಲ್ಲ, ತಿಂಗಳಿಗೆ ಅರವತ್ತು. ಚೆಲ್ಲುವ ಹಳೆಯ ನೀರು ಕರಿಬೇವಿನ ಬುಡಕ್ಕೆ ಹೋಗುವುದರಿಂದ ಅಷ್ಟೂ ನಷ್ಟವಲ್ಲ ಎಂದು ತೋರಿಸಿದ ಮೇಲೆ ಅವಳು ಒಪ್ಪಿದಳು. ಕುಡಿಯುವ ನೀರನ್ನು ಶುದ್ಧಮಾಡುವ ಆರ್‌ಓ ಯಂತ್ರ ಬೇಡವೆಂದು ಹೊರಬಿಡುವ ನೀರನ್ನೇ ಬಳಸೋಣವೇ ಎಂಬ ಯೋಚನೆಯೂ ಬಂದಿತ್ತು. ಆದರೆ ನಮ್ಮ ಅಂತರ್ಜಲದ ಫ್ಲೋರೈಡು, ಲವಣಗಳೆಲ್ಲ ಆ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗಿರುತ್ತವೆ ಎಂಬ ಕಾರಣಕ್ಕೆ ಅದನ್ನು ಕೈಬಿಟ್ಟೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ತಡೆದದ್ದು ಬೆಕ್ಕು. ಒರಳು ದಾಸವಾಳದ ಪೊದೆಯಿಂದ ಎರಡೇ ಅಡಿ ದೂರದಲ್ಲಿತ್ತು. ಒಂದು ಬೆಳಿಗ್ಗೆ ಪಿಕಳಾರವೊಂದು ಮನಸೋ ಇಚ್ಛೆ ಮಿಂದು, ಗರಿಗಳೆಲ್ಲ ಅಂಟಿಕೊಂಡು ಅರ್ಧ ಗಾತ್ರಕ್ಕೆ ಇಳಿದಂತೆ ಕಾಣುತ್ತ, ಮೈ ಕೊಡವಿ ಹಾರಲು ನೋಡಿತು. ತೊಯ್ದ ರೆಕ್ಕೆ ಅದನ್ನು ಮೊಳದಷ್ಟು ಎತ್ತರಕ್ಕೂ ಒಯ್ಯಲಿಲ್ಲ. ಪೊದೆಯೊಳಗಿಂದ ಬಂದ ಬೆಕ್ಕು ಅದನ್ನು ಗಾಳಿಯಲ್ಲೇ ಹಿಡಿಯಿತು. ನಾನು ಕೂಗಿಕೊಂಡು ಓಡುವಷ್ಟರಲ್ಲಿ ಒರಳಿನ ಅಂಚಿನ ಮೇಲೆ ಬಾಲದ ಬುಡದ ನಾಲ್ಕು ಕೆಂಪು ಗರಿಗಳು ಮಾತ್ರ ಉಳಿದಿದ್ದವು. ಬೆಕ್ಕಿನ ತಪ್ಪೇನೂ ಇಲ್ಲ; ಜಾಗ ಆರಿಸಿದ್ದು ನಾನು. ಅದಾದ ಮೇಲೆ ಎರಡು ತಿಂಗಳು ನೀರನ್ನೇ ಇಡಲಿಲ್ಲ.

ಕೊನೆಗೆ ನಾನು ಮನಸ್ಸಿನಲ್ಲಿ ಒಂದೇ ಕರಾರು ಹಾಕಿಕೊಂಡೆ: ದಿನವೂ ಬೆಳಿಗ್ಗೆ ಐದು ನಿಮಿಷ ಕೊಡಲು ಆಗುವುದಾದರೆ ಇಡುವುದು, ಆಗದ ದಿನ ಬಟ್ಟಲನ್ನು ಬೋರಲು ಹಾಕುವುದು. ಮಾಲೂರಿನ ಹೆಂಚಿನ ಕಾರ್ಖಾನೆಗಳ ಕಡೆಯಿಂದ ಎರಡು ಅಗಲವಾದ ಮಣ್ಣಿನ ತಟ್ಟೆಗಳನ್ನು ತಂದೆ. ಒಂದೂವರೆ ಅಡಿ ಅಗಲ, ನಡುವೆ ಎರಡು ಅಂಗುಲ ಆಳ. ಅಂಚಿನಿಂದ ನಡುವಿಗೆ ಇಳಿಜಾರು ಇದ್ದು, ಒಳಮೈ ಒರಟಾಗಿರಬೇಕೆಂದು ನೋಡಿಯೇ ಆರಿಸಿದೆ. ಮೆರುಗು ಹಚ್ಚಿದ ಪಿಂಗಾಣಿಯಲ್ಲಿ ಹಕ್ಕಿಯ ಕಾಲು ಜಾರುತ್ತದೆ, ಒರಳಿನ ಗುಂಡಿಯಷ್ಟು ಆಳದಲ್ಲಿ ಸಣ್ಣ ಹಕ್ಕಿ ಮುಳುಗುವ ಭಯವೂ ಇದೆ. ತಟ್ಟೆಯ ನಡುವೆ ನೀರಿನಿಂದ ಮೇಲೆ ಚಾಚುವ ಒಂದು ಚಪ್ಪಟೆ ಕಲ್ಲನ್ನು ಇಟ್ಟಿದ್ದೇನೆ. ಜೇನುನೊಣಗಳು ಅದರ ಮೇಲೆ ಇಳಿದು ಕುಡಿಯುತ್ತವೆ. ಪೊದೆಯಿಂದ ಹತ್ತು ಹನ್ನೆರಡು ಅಡಿ ಈಚೆ, ಬಯಲಲ್ಲಿ, ಮುರಿದ ಕಲ್ಲುಕಂಬದ ಮೂರಡಿಯ ತುಂಡನ್ನು ನೆಡಿಸಿ ಅದರ ಮೇಲೆ ಚಪ್ಪಡಿ ಕೂರಿಸಿದೆ. ಹತ್ತಿರದ ಸೀಬೆಯ ತೆಳು ಕೊಂಬೆಯೊಂದು ಮಿಂದ ಹಕ್ಕಿ ಹಾರಿ ಕೂರಲು ಸಿಗುವಂತಿದೆ, ಮಧ್ಯಾಹ್ನದ ನೆರಳೂ ಅದರದ್ದೇ. ಮೊದಲ ವಾರವೇ ಬೆಟ್ಟದ ಕೋತಿಗಳು ಬಂದು ಒಂದು ತಟ್ಟೆಯನ್ನು ಕೆಡವಿ ಒಡೆದವು. ಈಗ ತಟ್ಟೆಯ ಸುತ್ತ ಚಪ್ಪಡಿಯ ಮೇಲೆ ಇಟ್ಟಿಗೆಯ ತುಂಡುಗಳನ್ನು ಒತ್ತಾಗಿ ಇಡುತ್ತೇನೆ.

ತಟ್ಟೆ ಎರಡು ಏಕೆ ಎಂದರೆ, ಒಂದು ಕಂಬದ ಮೇಲಿದ್ದಾಗ ಇನ್ನೊಂದು ಬಿಸಿಲಿನಲ್ಲಿ ಒಣಗುತ್ತಿರುತ್ತದೆ. ಪಾರಿವಾಳಗಳ ಗಂಟಲಲ್ಲಿ ಬೆಳೆಯುವ ಟ್ರೈಕೊಮೊನಾಸ್ ಎಂಬ ಪರೋಪಜೀವಿ ಹಂಚಿಕೊಂಡ ನೀರಿನಿಂದ ಹರಡುತ್ತದೆ, ಆದರೆ ಒಣಗಿದ ಕಡೆ ಉಳಿಯಲಾರದು. ಬೆಳಿಗ್ಗೆ ತೆಂಗಿನ ನಾರಿನಿಂದ ಅಂಚಿನವರೆಗೂ ಉಜ್ಜುತ್ತೇನೆ. ಗಡಸು ನೀರಿನ ಬಿಳಿ ಪಟ್ಟೆಗೆ ವಾರಕ್ಕೊಮ್ಮೆ ಹುಣಸೆಹುಳಿ ಹಚ್ಚಿ ತೊಳೆಯುತ್ತೇನೆ, ಸೋಪು ಮುಟ್ಟಿಸುವುದಿಲ್ಲ. ಪಕ್ಕದಲ್ಲಿ ಕಾಳು ಹಾಕುವುದನ್ನು ಬಿಟ್ಟಿದ್ದೇನೆ. ಕಾಳು ಇದ್ದಾಗ ಪಾರಿವಾಳಗಳೇ ತುಂಬಿಕೊಂಡು ನೀರನ್ನೆಲ್ಲ ಹಿಕ್ಕೆಯಿಂದ ಕೆಡಿಸುತ್ತಿದ್ದವು. ಬರೀ ನೀರಿಗೆ ಅವು ಒಂದೆರಡು ಬಂದು ಕುಡಿದು ಹೋಗುತ್ತವೆ. ಊರಿಗೆ ಹೋಗುವಾಗ ಎರಡೂ ತಟ್ಟೆಗಳು ಬೋರಲು.

ಈ ವ್ಯವಸ್ಥೆಗೆ ಎರಡನೆಯ ಚಳಿಗಾಲದಲ್ಲಿ, ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ರಾಜಹಕ್ಕಿಯೊಂದು ಬಂದಿತ್ತು. ಅದು ತಟ್ಟೆಯಲ್ಲಿ ಇಳಿದು ನಿಲ್ಲಲಿಲ್ಲ. ಸೀಬೆಯ ಕೊಂಬೆಯಿಂದ ಧುಮುಕಿ ಎದೆಯನ್ನು ಮಾತ್ರ ನೀರಿಗೆ ತಾಗಿಸಿ ಮರಳಿ ಕೊಂಬೆಗೇ ಹಾರುವುದನ್ನು ಏಳೆಂಟು ಬಾರಿ ಮಾಡಿ, ಗರಿ ತೀಡಿಕೊಂಡು ಹೋಯಿತು.

ಒರಳಿಗೆ ಮಾತ್ರ ನೀರು ಕಾಣಿಸಿಲ್ಲ. ಅದನ್ನು ನಾಲ್ಕು ಜನ ಸೇರಿ ಮಳೆ ತಾಗದ ಸಜ್ಜೆಯ ಕೆಳಗೆ ಉರುಳಿಸಿ, ಗುಂಡಿಗೆ ಕಂಠಮಟ್ಟ ಜರಡಿ ಹಿಡಿದ ಒಣಮಣ್ಣು ತುಂಬಿದೆವು. ಗುಬ್ಬಿಗಳಿಗೆ ನೀರಿನಷ್ಟೇ ದೂಳಿನ ಸ್ನಾನವೂ ಬೇಕು. ಹತ್ತು ಗಂಟೆಯ ಬಿಸಿಲಿಗೆ ಮೂರು ನಾಲ್ಕು ಗುಬ್ಬಿಗಳು ಬಂದು ಆ ಮಣ್ಣಿನಲ್ಲಿ ಹೊಟ್ಟೆಯೊತ್ತಿ ಕೂತು, ರೆಕ್ಕೆಯಿಂದ ದೂಳೆರಚಿಕೊಂಡು ಹೊರಳಾಡಿ ಹೋಗುತ್ತವೆ. ಅವು ಹೋದ ಮೇಲೆ ಮಣ್ಣಿನಲ್ಲಿ ಅಷ್ಟೇ ಸಂಖ್ಯೆಯ ಪುಟ್ಟ ಗುಳಿಗಳು ಉಳಿದಿರುತ್ತವೆ.