ಮನೆಯೊಳಗಿನ ಹಿಂಸೆ: ಕಾನೂನಿನ ರಕ್ಷಣೆ ಪಡೆಯುವುದು ಹೇಗೆ?

ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಮಗಳಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ಒಂದು, ‘ಹೇಗಾದರೂ ಹೊಂದಿಕೊಂಡು ಹೋಗು’. ಇನ್ನೊಂದು, ‘ಠಾಣೆಗೆ ಹೋಗಿ ಕೇಸು ಹಾಕು’. ಗಂಡ ಜೈಲಿಗೆ ಹೋದರೆ ಮಕ್ಕಳ ಗತಿಯೇನು, ಅತ್ತೆ ಮನೆಯವರು ಬಾಗಿಲು ಮುಚ್ಚಿದರೆ ಎಲ್ಲಿಗೆ ಹೋಗುವುದು ಎಂಬ ದಿಗಿಲಿಗೆ ಎಷ್ಟೋ ಹೆಂಗಸರು ಮೊದಲಿನ ಮಾತಿಗೇ ತಲೆಬಾಗುತ್ತಾರೆ. ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಹಿಂಸೆ ನಿಲ್ಲಬೇಕು, ತಲೆಯ ಮೇಲಿನ ಸೂರು ಉಳಿಯಬೇಕು, ಮನೆ ಖರ್ಚಿಗೆ ಹಣ ಬರಬೇಕು ಎಂದು ಈ ಕಾಯ್ದೆಯಡಿ ಕೇಳಬಹುದು. ಯಾರನ್ನೂ ಜೈಲಿಗೆ ಕಳುಹಿಸದೆಯೂ ಇವನ್ನು ಪಡೆಯಬಹುದು.

ಹೆಂಡತಿಗಷ್ಟೇ ಅಲ್ಲ, ಮಗನಿಂದ ಪೆಟ್ಟು ತಿನ್ನುವ ತಾಯಿಗೆ, ಅಣ್ಣನ ಮನೆಯಲ್ಲಿ ನರಳುವ ತಂಗಿಗೆ, ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರದಬ್ಬಿಸಿಕೊಂಡ ಸೊಸೆಗೆ, ಮದುವೆಯಾಗದೆ ದಾಂಪತ್ಯದಂತೆಯೇ ಜೊತೆಯಲ್ಲಿ ಬಾಳಿದವಳಿಗೂ ಇದು ಅನ್ವಯಿಸುತ್ತದೆ.

ಮೊದಲು ಜೀವ, ಆಮೇಲೆ ಕಾಗದ

ಅಪಾಯ ಎದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಜಿಲ್ಲಾ ಮಟ್ಟದಲ್ಲಿರುವ ‘ಸಖಿ’ ಒನ್ ಸ್ಟಾಪ್ ಕೇಂದ್ರದಲ್ಲಿ ಚಿಕಿತ್ಸೆಗೆ ನೆರವು, ಆಪ್ತ ಸಮಾಲೋಚನೆ, ಕಾನೂನು ಸಲಹೆ ಎಲ್ಲವೂ ಉಚಿತ. ತಂಗಲು ಜಾಗವಿಲ್ಲದವರಿಗೆ ಅಲ್ಲೇ ಐದು ದಿನಗಳವರೆಗೆ ತಾತ್ಕಾಲಿಕ ಆಶ್ರಯವೂ ಸಿಗುತ್ತದೆ.

ಗಾಯವಾಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಹೋದಾಗ ‘ಬಚ್ಚಲಲ್ಲಿ ಜಾರಿಬಿದ್ದೆ’ ಎನ್ನಬೇಡಿ. ವೈದ್ಯರು ಅದನ್ನೇ ಚೀಟಿಯಲ್ಲಿ ಬರೆಯುತ್ತಾರೆ, ಮುಂದೆ ಎದುರು ಪಕ್ಷದ ವಕೀಲರು ಅದೇ ಚೀಟಿಯನ್ನು ನ್ಯಾಯಾಲಯದಲ್ಲಿ ಎತ್ತಿ ತೋರಿಸುತ್ತಾರೆ. ಯಾರು ಹೊಡೆದರು, ಯಾವಾಗ ಹೊಡೆದರು ಎಂಬುದನ್ನು ಹೇಳಿ ಬರೆಯಿಸಿಕೊಳ್ಳಿ. ದೂರು ದಾಖಲಾಗಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಸಿಡಿಪಿಒ ಕಚೇರಿಯಲ್ಲಿ

ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ (ಸಿಡಿಪಿಒ) ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅವರ ಕಚೇರಿಗೆ ಹೋಗಿ ‘ಕೌಟುಂಬಿಕ ಘಟನಾ ವರದಿ ದಾಖಲಿಸಬೇಕು’ ಎಂದು ಸ್ಪಷ್ಟವಾಗಿ ಕೇಳಿ. ನೀವೇ ಹೋಗಲಾಗದಿದ್ದರೆ ಅಕ್ಕಪಕ್ಕದವರು, ನೆಂಟರು ಯಾರು ಬೇಕಾದರೂ ಮಾಹಿತಿ ಕೊಡಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯನ್ನೂ ಹೂಡಲಾಗದು.

ಈ ವರದಿಯ ನಮೂನೆಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಹೊಡೆತ, ಲೈಂಗಿಕ ಹಿಂಸೆಗಳ ಜೊತೆಗೆ ಗಂಡು ಮಗು ಹೆರಲಿಲ್ಲವೆಂದು ಹಂಗಿಸುವುದು, ವರದಕ್ಷಿಣೆ ತರಲಿಲ್ಲವೆಂದು ಮೂದಲಿಸುವುದು ಅದರಲ್ಲಿ ಪ್ರತ್ಯೇಕವಾಗಿ ನಮೂದಾಗಿವೆ. ಆರ್ಥಿಕ ಹಿಂಸೆಯ ಪಟ್ಟಿ ಇನ್ನೂ ಉದ್ದವಿದೆ: ಊಟ, ಬಟ್ಟೆ, ಔಷಧಿಗೆ ಹಣ ಕೊಡದಿರುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಸಂಬಳ ಕಿತ್ತುಕೊಳ್ಳುವುದು, ಮನೆಯ ಒಂದು ಭಾಗಕ್ಕೆ ಕಾಲಿಡದಂತೆ ಮಾಡುವುದು, ಬಾಡಿಗೆ ಕಟ್ಟದಿರುವುದು. ‘ಅವರು ನನಗೆ ಹೊಡೆದಿಲ್ಲವಲ್ಲ’ ಎಂದು ಸುಮ್ಮನಿರುವ ಹೆಂಗಸರು ಈ ಪುಟ ನೋಡಿದರೆ ತಮ್ಮ ಬದುಕಿನ ಎಷ್ಟೋ ವರ್ಷಗಳು ಅಲ್ಲಿ ಅಚ್ಚಾಗಿರುವುದು ಕಾಣುತ್ತದೆ. ಪ್ರತಿ ಘಟನೆಗೂ ದಿನ, ಸಮಯ, ಸ್ಥಳ ಹೇಳಿ. ತಾರೀಖು ನೆನಪಾಗದಿದ್ದರೆ ‘ಯುಗಾದಿಯ ಮಾರನೆಯ ದಿನ’, ‘ಮಗಳ ಪರೀಕ್ಷೆಯ ವಾರ’ ಎಂದರೂ ಆದೀತು. ಸಹಿ ಹಾಕುವ ಮೊದಲು ಓದಿಸಿ ಕೇಳಿ. ವರದಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಒಂದು ಪ್ರತಿ ನಿಮಗೂ ಸೇರಬೇಕು. ಪ್ರತಿಯಿಲ್ಲದೆ ಕಚೇರಿಯಿಂದ ಹೊರಡಬೇಡಿ.

‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ’ ಎಂಬ ಉತ್ತರ ಸಿಗುವ ಸಾಧ್ಯತೆ ಬಹಳ. ಅಂಗನವಾಡಿ ಆಹಾರ, ಕಟ್ಟಡ, ಸಿಬ್ಬಂದಿ, ಸಮೀಕ್ಷೆ ಎಲ್ಲವೂ ಅದೇ ಅಧಿಕಾರಿಯ ತಲೆಯ ಮೇಲಿವೆ. ಸರ್ಕಾರ ಈ ಕಾಯ್ದೆಗೆ ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ಪ್ರತಿ ತಾಲೂಕಿಗೂ ಬೇರೆ ಹೊಣೆಯಿಲ್ಲದ, ಪೂರ್ಣಾವಧಿಯ ಸಂರಕ್ಷಣಾಧಿಕಾರಿಯನ್ನು ನೇಮಿಸುವುದು. ತಾಲೂಕು ಮಟ್ಟದಲ್ಲೂ ಈ ಅಧಿಕಾರಿಗಳಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಇರುವವರಿಗೇ ಇನ್ನೊಂದು ಹುದ್ದೆಯ ಹೆಸರು ಅಂಟಿಸಿದರೆ ಪೆಟ್ಟು ತಿಂದು ಬಂದವಳು ಕಾಯುವುದು ತಪ್ಪದು.

ಅಧಿಕಾರಿ ಸಿಗಲಿಲ್ಲವೆಂದು ಅಲ್ಲಿಗೇ ನಿಲ್ಲಬೇಕಿಲ್ಲ. ಈ ವರದಿ ಇಲ್ಲದೆಯೂ ಮ್ಯಾಜಿಸ್ಟ್ರೇಟರು ಆದೇಶ ನೀಡಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನ್ಯಾಯಾಲಯದಲ್ಲಿ ಏನು ಕೇಳಬೇಕು?

ಅರ್ಜಿಯನ್ನು ಗಂಡನ ಊರಲ್ಲೇ ಹಾಕಬೇಕೆಂದಿಲ್ಲ. ನೀವು ಸದ್ಯಕ್ಕೆ ಇರುವ ಊರಿನ, ಅಂದರೆ ತವರಿನ ಅಥವಾ ಕೆಲಸ ಮಾಡುವ ಜಾಗದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲೇ ಹಾಕಬಹುದು. ವಕೀಲರಿಗೆ ದುಡ್ಡಿಲ್ಲವೆಂಬ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಹಕ್ಕು. ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, ಅಲ್ಲಿಂದ 60 ದಿನದೊಳಗೆ ಅರ್ಜಿ ಇತ್ಯರ್ಥವಾಗುವಂತೆ ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ದಿನಾಂಕದ ಮೇಲೆ ದಿನಾಂಕ ಬೀಳುತ್ತದೆ. ಆದ್ದರಿಂದ ಮೂಲ ಅರ್ಜಿಯ ಜೊತೆಯಲ್ಲೇ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ ಮಧ್ಯಂತರ ಆದೇಶ, ಅಂದರೆ ಅಂತಿಮ ತೀರ್ಪಿಗೆ ಮೊದಲಿನ ತಾತ್ಕಾಲಿಕ ಆದೇಶ ಕೇಳಲು ವಕೀಲರಿಗೆ ಹೇಳಿ. ಅಗತ್ಯವಿದ್ದರೆ ಎದುರಿನವರು ಹಾಜರಾಗುವ ಮೊದಲೇ ಅದನ್ನು ನೀಡಲು ಅವಕಾಶವಿದೆ.

ಮನೆಯ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ‘ಮನೆ ನಮ್ಮ ಹೆಸರಲ್ಲಿದೆ, ಮಗನದಲ್ಲ, ಹೊರಡು’ ಎಂದು ಅತ್ತೆ ಮಾವ ಹೇಳುವುದು ಹಳೆಯ ಪಟ್ಟು. ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅಲ್ಲಿ ವಾಸದ ಹಕ್ಕನ್ನು ಕೇಳಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಮನೆಯ ಒಡೆತನ ಇದರಿಂದ ನಿಮಗೆ ಬರುವುದಿಲ್ಲ, ಆದರೆ ಕಾನೂನಿನ ಕ್ರಮವಿಲ್ಲದೆ ನಿಮ್ಮನ್ನು ಹೊರಹಾಕುವಂತಿಲ್ಲ. ಆ ಮನೆಯಲ್ಲಿ ಇರುವುದೇ ಅಪಾಯವೆನಿಸಿದರೆ ಅದೇ ಮಟ್ಟದ ಬೇರೆ ಮನೆ ಅಥವಾ ಅದರ ಬಾಡಿಗೆ ಕೇಳಬಹುದು.

ಹಣದ ಲೆಕ್ಕದಲ್ಲಿ ಸಂಕೋಚ ಬೇಡ. ಜೀವನಾಂಶ, ಚಿಕಿತ್ಸೆಯ ಖರ್ಚು, ಕೆಲಸ ತಪ್ಪಿದ್ದರಿಂದ ಹೋದ ಸಂಪಾದನೆ, ಅನುಭವಿಸಿದ ಮಾನಸಿಕ ಯಾತನೆಗೆ ಪರಿಹಾರ, ಸ್ತ್ರೀಧನ ವಾಪಸು, ಮಕ್ಕಳ ತಾತ್ಕಾಲಿಕ ಸುಪರ್ದಿ, ಇವೆಲ್ಲವನ್ನೂ ಒಂದೇ ಅರ್ಜಿಯಲ್ಲಿ ಬರೆಯಬಹುದು. ಒಡವೆ, ಪಾತ್ರೆ, ಅಲ್ಮೇರಾಗಳ ಪಟ್ಟಿಯನ್ನು ಮದುವೆಯ ಫೋಟೊ, ರಸೀದಿಗಳ ಸಮೇತ ಕೊಡಿ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂಬುದೂ 2020ರಿಂದ ಇರುವ ನಿಯಮ. ಗಂಡನ ಸಂಬಳದ ಚೀಟಿ, ಪಹಣಿಯ ಪ್ರತಿ ಕೈಗೆ ಸಿಕ್ಕರೆ ಜೋಪಾನ ಮಾಡಿ. ಆತ ಹಣ ಕೊಡದೆ ಸತಾಯಿಸಿದರೆ ನೇರವಾಗಿ ಸಂಬಳದಿಂದಲೇ ಕಡಿತ ಮಾಡಿ ಕೊಡುವಂತೆ ಆತನ ಮಾಲೀಕರಿಗೆ ಮ್ಯಾಜಿಸ್ಟ್ರೇಟರು ನಿರ್ದೇಶನ ನೀಡಬಹುದು.

ಹಿಂಸೆ ನಡೆದು ವರ್ಷ ದಾಟಿತು, ಇನ್ನು ಅರ್ಜಿ ನಿಲ್ಲುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಅರ್ಜಿಗೆ ಒಂದು ವರ್ಷದ ಕಾಲಮಿತಿ ಅನ್ವಯಿಸುವುದಿಲ್ಲ ಎಂಬುದು 2022ರಲ್ಲೇ ತೀರ್ಮಾನವಾಗಿದೆ.

ಆದೇಶ ಕೈಗೆ ಬಂದ ಮೇಲೆ

ಆದೇಶದ ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡುತ್ತದೆ, ಠಾಣೆಗೂ ಕಳುಹಿಸುತ್ತದೆ. ಆದರೂ ನೀವೇ ಒಮ್ಮೆ ಠಾಣೆಗೆ ಹೋಗಿ ಅದು ತಲುಪಿದೆಯೇ ಎಂದು ವಿಚಾರಿಸಿ. ಹಿಂಸೆ ಮಾಡಕೂಡದೆಂದು ನ್ಯಾಯಾಲಯ ನೀಡಿದ ರಕ್ಷಣಾ ಆದೇಶವನ್ನು ಮೀರಿ ಆತ ಮತ್ತೆ ಕೈ ಎತ್ತಿದರೆ, ನಿಮ್ಮ ಕಚೇರಿಯ ಮುಂದೆ ಬಂದು ಕಾಡಿದರೆ, ಅದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ಅದಕ್ಕೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಬೇರೆ ಸಾಕ್ಷಿ ಇಲ್ಲವೆಂದು ಹಿಂಜರಿಯಬೇಡಿ. ಆದೇಶ ಉಲ್ಲಂಘನೆಯಾಗಿದೆ ಎಂದು ನಿರ್ಧರಿಸಲು ನಿಮ್ಮೊಬ್ಬರ ಸಾಕ್ಷ್ಯವೇ ಸಾಕಾಗಬಹುದು ಎಂದು ಕಾಯ್ದೆಯ 32ನೇ ಕಲಂ ಹೇಳುತ್ತದೆ. ಉಲ್ಲಂಘನೆಯಾದ ದಿನವೇ ಲಿಖಿತ ದೂರನ್ನು ಸಂರಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆದೇಶದಿಂದ ಸಮಾಧಾನವಾಗದಿದ್ದರೆ 30 ದಿನದೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೂ ಕಾನೂನು ಸೇವಾ ಸಮಿತಿಯ ವಕೀಲರ ನೆರವನ್ನು ಕೇಳಬಹುದು.