ಮೀಡಿಯಂ ಪೇಸ್‌ಗೂ ಸ್ಟಂಪ್ ಬಿಡಲಿಲ್ಲ: ಒಂದು ವಿಕೆಟ್‌ನಿಂದ ಸೋತ ಪಂದ್ಯದ ಕಥೆ

ಪಂದ್ಯವನ್ನು ಒಂದು ವಿಕೆಟ್‌ನಿಂದ ಸೋತೆವು. ಬೇಜಾರಿದೆ. ಆದರೂ ಈ ಸೀಸನ್ನಿನಲ್ಲಿ ನಮ್ಮೂರ ತಂಡ ಆಡಿದ ಒಳ್ಳೆಯ ಪಂದ್ಯ ಅದೇ ಎಂದು ಧೈರ್ಯವಾಗಿ ಹೇಳುತ್ತೇನೆ. ನಾವು ಹೊಡೆದದ್ದು ನೂರಾ ಹತ್ತೋ ಹನ್ನೆರಡೋ. ಎದುರಿಗಿದ್ದವರು ಲೀಗ್ ಪಟ್ಟಿಯಲ್ಲಿ ಮೇಲಿನವರು. ಹೋದ ಸಲ ಹೆಚ್ಚುಕಡಿಮೆ ಇಷ್ಟೇ ರನ್ನನ್ನು ಎರಡೇ ವಿಕೆಟ್ ಕಳೆದುಕೊಂಡು, ಅರ್ಧದಷ್ಟು ಓವರ್ ಬಾಕಿ ಇರುವಾಗಲೇ ಮುಗಿಸಿದ್ದರು. ಈ ಸಲ ಕೊನೆಯ ಓವರ್ ತನಕ ಅವರ ಬೆವರಿಳಿಸಿದೆವು. ಬದಲಾದದ್ದು ಒಂದೇ ಒಂದು. ಮೀಡಿಯಂ ಪೇಸ್ ಬೌಲರ್‌ಗಳಿಗೂ ನಾನು ದೂರ ನಿಲ್ಲದೆ, ಸ್ಟಂಪ್‌ಗೆ ಅಂಟಿಕೊಂಡೇ ಕೂತು ಕೀಪಿಂಗ್ ಮಾಡಿದೆ.

ನಮ್ಮ ಬೌಲರ್‌ಗಳಿಗೆ ಸ್ವಿಂಗ್ ಇದೆ, ಅಂದರೆ ಚೆಂಡು ಗಾಳಿಯಲ್ಲೇ ವಾಲುತ್ತದೆ, ಆದರೆ ವೇಗ ಇಲ್ಲ. ಅದು ಎದುರಾಳಿಗಳಿಗೂ ಗೊತ್ತು. ಕ್ರೀಸ್‌ನಿಂದ, ಅಂದರೆ ಸ್ಟಂಪ್ ಮುಂದಿನ ಗೆರೆಯಿಂದ, ಒಂದೂವರೆ ಹೆಜ್ಜೆ ಆಚೆ ಬಂದು ನಿಲ್ಲುತ್ತಾರೆ. ಸ್ವಿಂಗ್ ತಿರುಗುವ ಮೊದಲೇ ಹೊಡೆತ. ಅಷ್ಟು ಮುಂದೆ ನಿಂತವರ ಪ್ಯಾಡ್‌ಗೆ ಬಡಿದರೆ, ಚೆಂಡು ಸ್ಟಂಪ್‌ಗೆ ತಾಗುತ್ತಿತ್ತೋ ಇಲ್ಲವೋ ಎಂಬ ಅನುಮಾನದಲ್ಲಿ ಅಂಪೈರ್ ಬೆರಳು ಎತ್ತುವುದಿಲ್ಲ. ಕೀಪರ್ ಹತ್ತು ಹೆಜ್ಜೆ ಹಿಂದೆ ಇದ್ದಾಗ ಅವರಿಗೆ ಸ್ಟಂಪ್ ಆಗುವ ಭಯ ಯಾಕೆ ಇರುತ್ತದೆ?

ಈ ಮಾತು ಎತ್ತಿದಾಗ ಮೊದಲು ಸಿಟ್ಟಾದವರು ನಮ್ಮ ಬೌಲರ್‌ಗಳೇ. ಕೀಪರ್ ಹತ್ತಿರ ಬಂದರೆ ವೇಗದ ಬೌಲರ್‌ಗೆ ಅವಮಾನ ಅಲ್ವಾ! "ನಾನೇನು ಸ್ಪಿನ್ನರ್ರಾ ಅಣ್ಣ?" ಎಂದು ಒಬ್ಬ ಚೆಂಡು ಬಿಸಾಡಿ ಹೋದ. ನಿಧಾನದ ಬೌಲಿಂಗ್ ಅವಮಾನ ಅಲ್ಲ ಎಂದು ಅವನನ್ನು ಒಪ್ಪಿಸಲು 1983ರ ವಿಶ್ವಕಪ್ ಫೈನಲ್ ಹೇಳಬೇಕಾಯಿತು. ಭಾರತ 183ಕ್ಕೆ ಆಲ್‌ಔಟ್. ಅಂಥ ವೆಸ್ಟ್ ಇಂಡೀಸ್ 140ಕ್ಕೆ ಮುಗಿಯಿತು. ಮೊಹಿಂದರ್ ಅಮರನಾಥ್ 7 ಓವರ್‌ನಲ್ಲಿ 12 ರನ್ ಕೊಟ್ಟು 3 ವಿಕೆಟ್ ಕಿತ್ತರು. ಅವರ ಬೌಲಿಂಗ್ ಎಷ್ಟು ನಿಧಾನ ಎಂದು ನೋಡಿದವರಿಗೆಲ್ಲ ಗೊತ್ತು. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ಪಡೆದದ್ದು ನಮ್ಮ ರೋಜರ್ ಬಿನ್ನಿ. ಅವರದ್ದೂ ಮೀಡಿಯಂ ಪೇಸೇ. ಹುಡುಗ ಏನೂ ಮಾತಾಡಲಿಲ್ಲ, ಮರುದಿನ ಬಂದು ಬೌಲಿಂಗ್ ಮಾಡಿದ.

ಶುರುವಿನಲ್ಲಿ ಆದದ್ದು ಅನಾಹುತವೇ. ಬೈ ರನ್‌ಗಳು, ಅಂದರೆ ಬ್ಯಾಟಿಗೂ ತಾಗದೆ ನನ್ನ ಕೈಗೂ ಸಿಗದೆ ಹೋದ ಚೆಂಡಿನ ರನ್‌ಗಳು, ಹೊಳೆಯಂತೆ ಹರಿದವು. ಒಂದು ಪಂದ್ಯದಲ್ಲಿ ಇಪ್ಪತ್ತರ ಮೇಲೆ ಹೋಯಿತು, ನಾವು ಸೋತದ್ದು ಅದಕ್ಕಿಂತ ಕಡಿಮೆ ಅಂತರದಲ್ಲಿ. ನನ್ನ ಹಿಂದೆ, ತಪ್ಪಿದ ಚೆಂಡು ತಡೆಯಲು ಲಾಂಗ್ ಸ್ಟಾಪ್ ಎಂದು ಒಬ್ಬನನ್ನು ಹಾಕಿದೆವು. ಹಾಕಿದರೆ ಕವರ್‌ನಲ್ಲಿ ಜನ ಇಲ್ಲ. ಹಿರಿಯರೊಬ್ಬರು ಮೈದಾನದ ಅಂಚಿನಿಂದಲೇ "ಹಿಂದಕ್ಕೆ ಹೋಗಪ್ಪಾ, ಹಲ್ಲು ಉಳಿಸಿಕೋ" ಎಂದು ಕೂಗುತ್ತಿದ್ದರು. ಹಲ್ಲು ಉಳಿಯಿತು, ಬೆರಳಿನ ಉಗುರು ಎರಡು ಹೋದವು.

ದುಡ್ಡಿನದು ಇನ್ನೊಂದು ತಲೆನೋವು. ಅಗ್ಗದ ಗ್ಲೌಸ್ ಹಿಂದೆ ನಿಂತವರಿಗೆ ಸಾಕು, ಹತ್ತಿರ ನಿಂತವರಿಗೆ ಸಾಲದು. ಅಂಗೈ ಗಟ್ಟಿ ಇದ್ದರೆ ಚೆಂಡು ಚಿಮ್ಮಿ ಹೋಗುತ್ತದೆ. ಎರಡು ಜೊತೆ ಹಾಳಾದ ಮೇಲೆ ಒಳ್ಳೆಯದು ತಂದೆವು. ಜೊತೆಗೆ ಗ್ರಿಲ್ ಇರುವ ಹೆಲ್ಮೆಟ್. ಇವೆರಡಕ್ಕೇ ತಂಡದ ಚಂದಾದಲ್ಲಿ ಮೂರನೇ ಒಂದು ಭಾಗ ಹೋಯಿತು. ಆ ತಿಂಗಳು ಹೊಸ ಲೆದರ್ ಬಾಲ್ ತರಲಾಗಲಿಲ್ಲ, ಪ್ರಾಕ್ಟೀಸ್‌ಗೆ ಹೊಲಿಗೆ ಬಿಟ್ಟ ಹಳೆಯ ಚೆಂಡುಗಳೇ ಗತಿ. ಎಲ್ಲರೂ ಗೊಣಗಿದರು. ಹೆಲ್ಮೆಟ್ ಇಲ್ಲದೆ ಇದನ್ನು ಯಾರೂ ಮಾಡಬೇಡಿ, ಕಾಸು ಉಳಿಸುವ ಜಾಗ ಇದಲ್ಲ.

ಪ್ರಾಕ್ಟೀಸ್‌ನಲ್ಲಿ ಏನೇನೋ ಮಾಡಿ ನೋಡಿದೆ. ನೀರಲ್ಲಿ ನೆನೆಸಿದ ಟೆನಿಸ್ ಬಾಲ್ ಪರವಾಗಿಲ್ಲ, ಜಾರುವ ಚೆಂಡಿಗೆ ಕೈ ಮೆತ್ತಗಾಗುತ್ತದೆ. ಒಂದು ಹಲಗೆ ತುಂಡನ್ನು ಚೆಂಡು ಪುಟಿಯುವ ಗುಡ್ ಲೆಂಗ್ತ್ ಜಾಗದಲ್ಲಿ ಓರೆಯಾಗಿ ಇಟ್ಟು ಚೆಂಡು ಎಸೆಸಿಕೊಂಡೆ. ಎತ್ತ ಚಿಮ್ಮುತ್ತದೋ ಗೊತ್ತಾಗದು, ಆದರೆ ಪಂದ್ಯದಲ್ಲಿ ಹಾಗೆ ಆಗುವುದೂ ಇಲ್ಲ. ಬಿಟ್ಟುಬಿಟ್ಟೆ. ಗಿಟ್ಟಿದ್ದು ಬೆಡ್‌ಶೀಟ್. ಲೆಗ್ ಸೈಡ್‌ಗೆ, ಅಂದರೆ ಬ್ಯಾಟ್ಸ್‌ಮನ್ ಕಾಲಿನ ಕಡೆಗೆ, ಬಂದ ಚೆಂಡನ್ನು ಬ್ಯಾಟ್ಸ್‌ಮನ್ ಮೈ ಮರೆಮಾಡುತ್ತದಲ್ಲ, ಅಲ್ಲೇ ನನ್ನ ಬೈ ಎಲ್ಲ ಹೋಗುತ್ತಿದ್ದವು. ಬ್ಯಾಟ್ಸ್‌ಮನ್ ನಿಲ್ಲುವ ಕಡೆ ಎರಡು ಕಂಬಕ್ಕೆ ಬೆಡ್‌ಶೀಟ್ ಕಟ್ಟಿ, ಅದರ ಅಂಚಿನಿಂದ ಚೆಂಡು ಹೊರಗೆ ಬರುವಾಗ ಹಿಡಿಯುವುದು. ಚೆಂಡು ಪಿಚ್ ಆದ ಜಾಗ ನೋಡಿ ಹೆಜ್ಜೆ ಹಾಕಬೇಕು, ಮಿಕ್ಕದ್ದು ಕಾಣುವುದೇ ಇಲ್ಲ. ದಿನಾ ಬೆಳಿಗ್ಗೆ ಸುಮಾರು ಅರವತ್ತು ಎಪ್ಪತ್ತು ಚೆಂಡು. ಎರಡು ತಿಂಗಳಿಗೆ ಬೈ ಅರ್ಧಕ್ಕಿಂತ ಕೆಳಗೆ ಬಂತು.

ಇನ್ನೊಂದು ಮಾತು. ಬೇಗ ಏಳಬೇಡಿ. ಚೆಂಡು ಪುಟಿದ ಮೇಲೆ ಅದರ ಜೊತೆಗೇ ಏಳಬೇಕು. ಚೆಂಡು ಬ್ಯಾಟಿನ ಅಂಚಿಗೆ ತಾಗಿದ ಮೇಲೆ ಕೈ ಹಾಕುತ್ತೇನೆ ಎಂದರೆ ಆಗದು, ಕೈ ಆಗಲೇ ಅಲ್ಲಿರಬೇಕು. ಹಾಗಂತ ಗ್ಲೌಸ್ ಸ್ಟಂಪ್‌ಗಿಂತ ಮುಂದೆ ಬಂದರೆ ನೋ ಬಾಲ್, ಇದನ್ನು ಎಷ್ಟೋ ಕೀಪರ್‌ಗಳು ಮರೆಯುತ್ತಾರೆ.

ಲೆಗ್ ಸೈಡ್ ಸ್ಟಂಪಿಂಗ್‌ಗೆ ಬೌಲರ್‌ಗೆ ನಾನು ಕೊಡುವ ಸನ್ನೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇದೇ ತಂಡದ ಜೊತೆ ಇನ್ನೊಮ್ಮೆ ಆಡುವುದಿದೆ.

ಪಂದ್ಯಕ್ಕೆ ಬರುತ್ತೇನೆ. ಅವರ ಓಪನರ್ ಎಂದಿನಂತೆ ಕ್ರೀಸ್‌ನಿಂದ ಆಚೆ ನಿಂತ. ನಾನು ಮುಂದೆ ಬಂದು ಕೂತೆ. ಅವನು ಹಿಂತಿರುಗಿ ನೋಡಿದ, ನಕ್ಕ, ಆದರೆ ಕಾಲು ಮಾತ್ರ ಒಳಗೆ ಹೋಯಿತು. ಅಷ್ಟೇ ಬೇಕಿತ್ತು. ಮೂರನೇ ಓವರ್‌ನಲ್ಲಿ ಒಳಕ್ಕೆ ತಿರುಗಿದ ಚೆಂಡು ಮೊಣಕಾಲಿನ ಕೆಳಗೆ ಬಡಿಯಿತು. ಎಲ್‌ಬಿಡಬ್ಲ್ಯೂ. ಅಂಥವೇ ಇನ್ನೂ ಎರಡೋ ಮೂರೋ ಬಿದ್ದವು, ಎಲ್ಲ ಕ್ರೀಸ್‌ಗೆ ಅಂಟಿಕೊಂಡವರೇ. ಅವರ ನಾಯಕನದು ನನಗೆ ಇಷ್ಟವಾದ ವಿಕೆಟ್. ಸನ್ನೆ ಕೊಟ್ಟೆ, ಚೆಂಡು ಪ್ಯಾಡ್ ಪಕ್ಕದಿಂದ ಜಾರಿತು, ಆತ ತಿರುಗಿಸಲು ಹೋಗಿ ಹಿಂಗಾಲಿನ ಬೆರಳು ಗೆರೆಯ ಮೇಲೆ ನಿಂತಿತು. ಗೆರೆಯ ಮೇಲೆ, ಒಳಗಲ್ಲ. ಬೇಲ್ಸ್ ಹಾರಿಸಿದೆ. ಸ್ಕ್ವೇರ್ ಲೆಗ್ ಅಂಪೈರ್ ಯೋಚನೆ ಕೂಡ ಮಾಡಲಿಲ್ಲ.

ಒಂಬತ್ತು ವಿಕೆಟ್ ಬಿದ್ದಾಗ ಅವರಿಗೆ ಮೂರು ರನ್ ಬೇಕಿತ್ತು. ನಮ್ಮ ಹುಡುಗ ಲೆಗ್ ಸ್ಟಂಪ್‌ಗೆ ಸರಿಯಾದ ಯಾರ್ಕರ್ ಹಾಕಿದ. ಹನ್ನೊಂದನೆಯವನು ಕಣ್ಣು ಮುಚ್ಚಿ ಬೀಸಿದ. ಬ್ಯಾಟಿನ ಒಳ ಅಂಚಿಗೆ ತಾಗಿ, ಸ್ಟಂಪ್‌ಗೂ ನನ್ನ ಎಡಗೈಗೂ ನಡುವೆ ನುಗ್ಗಿ ಬೌಂಡರಿಗೆ ಓಡಿತು.

"ನೀನು ಹಿಂದೆ ನಿಂತಿದ್ದರೆ ಆ ನಾಲ್ಕು ತಡೆಯುತ್ತಿದ್ದೆ" ಎಂದು ಆ ಹಿರಿಯರು ಅಂದರು. ತಡೆಯುತ್ತಿದ್ದೆ, ನಿಜ. ಆದರೆ ಹಿಂದೆ ನಿಂತಿದ್ದರೆ ಪಂದ್ಯ ಅಲ್ಲಿತನಕ ಬರುತ್ತಲೇ ಇರಲಿಲ್ಲ ಎಂದೆ. ನಮ್ಮ ಲೀಗಿನಲ್ಲಿ ಸೋತವರಿಗೂ ಕಿತ್ತ ವಿಕೆಟ್‌ಗೆ ಪಾಯಿಂಟ್ ಇದೆ. ಈ ಸೋಲಿನಿಂದಲೇ ಒಂದು ಸ್ಥಾನ ಮೇಲೆ ಬಂದೆವು. ಚೆಂಡು ಬಿಸಾಡಿ ಹೋಗಿದ್ದ ಹುಡುಗ ಈಗ ನೆಟ್ಸ್‌ನಲ್ಲಿ ರನ್‌ಅಪ್ ಅಳೆಯುವ ಮೊದಲೇ "ಅಣ್ಣ, ಮುಂದೆ ಬನ್ನಿ" ಎನ್ನುತ್ತಾನೆ.