ಹಸಿರು ಚುಕ್ಕಿ ನಂಬಬೇಡಿ: ಬೆಂಗಳೂರಲ್ಲಿ ಹಾಲಿಲ್ಲದ ಐಸ್‌ಕ್ರೀಮ್ ಹುಡುಕೋದು ಹೇಗೆ

"ಇದು ವೀಗನ್ನಾ?" ಅಂತ ಬೆಂಗಳೂರಿನ ಐಸ್‌ಕ್ರೀಮ್ ಅಂಗಡಿಗಳಲ್ಲಿ ಕೇಳಿ ನೋಡಿ. ವೀಗನ್ ಅಂದರೆ ಹಾಲು, ಜೇನು ಸೇರಿದಂತೆ ಪ್ರಾಣಿಯಿಂದ ಬಂದದ್ದು ಏನೂ ಇಲ್ಲದ್ದು. ಹತ್ತರಲ್ಲಿ ಎಂಟು ಕಡೆ "ಹೌದು ಮೇಡಂ" ಅಂತಲೇ ಉತ್ತರ. ಆರು ವರ್ಷದ ಹಿಂದೆ, ಹಾಲು ಬಿಟ್ಟ ಹೊಸದರಲ್ಲಿ, ನಾನೂ ಒಂದು ಕಡೆ ಹೀಗೇ ಕೇಳಿದ್ದೆ. ಕೌಂಟರಿನ ಹುಡುಗ ಹೆಮ್ಮೆಯಿಂದ, "ಪೂರ್ತಿ ವೆಜ್ ಮೇಡಂ, ಮೊಟ್ಟೇನೂ ಹಾಕಲ್ಲ" ಅಂದ. ಎಳನೀರಿನದ್ದು ಒಂದು ಸ್ಕೂಪ್ ತಗೊಂಡೆ. ಅರ್ಧ ತಿಂದ ಮೇಲೆ ತಲೆಗೆ ಹೋಯಿತು, ಎಳನೀರಿಗೆ ಇಷ್ಟು ಕೆನೆ ಎಲ್ಲಿಂದ ಬಂತು ಅಂತ. ವಾಪಸ್ ಹೋಗಿ ಕೇಳಿದರೆ, "ಹಾಲಿಲ್ಲದೆ ಐಸ್‌ಕ್ರೀಮ್ ಹೆಂಗಾಗುತ್ತೆ ಮೇಡಂ?" ಅಂತ ನನಗೇ ಪಾಪ ಅನ್ನೋ ಹಾಗೆ ನೋಡಿದ.

ಅವನು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದೇ ಸರಿ ಇರಲಿಲ್ಲ. ವೀಗನ್ ಅಂದರೆ ನಮ್ಮೂರಿನ ಕಿವಿಗೆ "ವೆಜ್" ಅಂತಲೇ ಬೀಳುತ್ತದೆ, ಇಲ್ಲವೇ "ಎಗ್‌ಲೆಸ್" ಅಂತ. ಸರಿಯಾದ ಪ್ರಶ್ನೆ ನಮ್ಮ ಮನೆಯಲ್ಲೇ ಇತ್ತು, ನಾನು ಮರೆತಿದ್ದೆ. ಬಸವನಗುಡಿಯ ನಮ್ಮಜ್ಜಿ ಚಾತುರ್ಮಾಸ್ಯ, ಅಂದರೆ ನಾಲ್ಕು ತಿಂಗಳ ವ್ರತ, ಮಾಡುತ್ತಿದ್ದಳು. ಮೊದಲ ತಿಂಗಳು ತರಕಾರಿ ಬಿಡುವ ಶಾಕವ್ರತ, ಎರಡನೆಯದು ಮೊಸರು ಬಿಡುವ ದಧಿವ್ರತ, ಮೂರನೆಯದು ಹಾಲು ಬಿಡುವ ಕ್ಷೀರವ್ರತ. ಆ ಮೂರನೇ ತಿಂಗಳು ಮೊಸರು ನಡೆಯುತ್ತಿತ್ತು, ಹಾಲು ಮಾತ್ರ ಕೂಡದು. ಯಾರು ಏನು ಸಿಹಿ ತಂದುಕೊಟ್ಟರೂ ತಟ್ಟೆ ಮುಟ್ಟುವ ಮೊದಲು ಒಂದೇ ಮಾತು: "ಇದಕ್ಕೆ ಹಾಲು ಸೋಕಿದೆಯೇನೇ?" ಸಸ್ಯಾಹಾರವೋ ಅಲ್ಲವೋ ಅನ್ನೋ ಮಾತೇ ಇಲ್ಲ. ಹಾಲು ಸೋಕಿದೆಯೋ ಇಲ್ಲವೋ, ಅಷ್ಟೇ.

ಅದಕ್ಕೇ ಈಗ ನಾನು ಅಂಗಡಿಯಲ್ಲಿ ವೀಗನ್ ಅನ್ನೋ ಪದವನ್ನೇ ಎತ್ತುವುದಿಲ್ಲ. "ಇದಕ್ಕೆ ಹಾಲು ಹಾಕ್ತೀರಾ? ಹಾಲಿನ ಪುಡಿ? ಕ್ರೀಮು? ಬೆಣ್ಣೆ? ಜೇನುತುಪ್ಪ?" ಅಂತ ಬಿಡಿಬಿಡಿಯಾಗಿ, ಪ್ರತಿಯೊಂದಕ್ಕೂ ಉತ್ತರ ಬರುವ ತನಕ ನಿಂತು ಕೇಳುತ್ತೇನೆ. ಹಾಲಿನ ಪುಡಿಯನ್ನು ಬೇರೆಯಾಗಿ ಕೇಳಲೇಬೇಕು. ಬಹಳ ಜನರ ಲೆಕ್ಕದಲ್ಲಿ ಹಾಲು ಅಂದರೆ ಪ್ಯಾಕೆಟ್ಟಿನದು, ಪುಡಿ ಹಾಲಲ್ಲ. ಕೌಂಟರಿನಲ್ಲಿ ಕನ್ನಡ ಬಾರದ ಹುಡುಗರಿದ್ದರೆ "ದೂಧ್, ದೂಧ್ ಪೌಡರ್, ಮಲಾಯಿ" ಅಂದರೆ ಸಾಕು. ಅವರಿಗೂ ಗೊತ್ತಿಲ್ಲದಿದ್ದರೆ ಡಬ್ಬದ ಮೇಲಿನ ಚೀಟಿ ತೋರಿಸಿ ಅನ್ನಿ. ಫ್ಯಾಕ್ಟರಿಯಿಂದ ಬರುವ ದೊಡ್ಡ ಟಬ್ಬಿನ ಮೇಲೆ ಚೀಟಿ ಇದ್ದೇ ಇರುತ್ತದೆ. ಹಿಂದೆ ನಾಲ್ಕು ಜನ ಕ್ಯೂ ನಿಂತು ಗೊಣಗಿದರೆ ಗೊಣಗಲಿ.

ಈಗ ಚೀಟಿ ಓದುವ ವಿಷಯ. ಹಸಿರು ಚುಕ್ಕಿ ಸಸ್ಯಾಹಾರಕ್ಕೆ ಮಾತ್ರ ಸಾಕ್ಷಿ, ಹಾಲಿಗಲ್ಲ. ನಮ್ಮ ದೇಶದ ಲೆಕ್ಕದಲ್ಲಿ ಹಾಲು, ತುಪ್ಪ, ಖೋವಾ ಎಲ್ಲಕ್ಕೂ ಹಸಿರು ಚುಕ್ಕಿಯೇ. ವೀಗನ್‌ಗೆ ಬೇರೆ ಗುರುತಿದೆ: ಹಸಿರು ಬಣ್ಣದ ಇಂಗ್ಲಿಷ್ 'ವಿ' ಅಕ್ಷರ, ಅದಕ್ಕೆ ಅಂಟಿಕೊಂಡ ಒಂದು ಎಲೆ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಇದನ್ನು 2021ರಲ್ಲಿ ತಂದಿತು, ವೀಗನ್ ಆಹಾರದ ನಿಯಮಗಳು 2022ರಲ್ಲಿ ಬಂದವು. ಈ ಗುರುತು ಇದ್ದರೆ ಬಣ್ಣ, ಸುವಾಸನೆಗೆ ಹಾಕಿದ್ದೂ ಪ್ರಾಣಿ ಮೂಲದ್ದಲ್ಲ ಅಂತ ಅರ್ಥ.

ಗುರುತು ಇಲ್ಲದಿದ್ದರೆ ಪೊಟ್ಟಣ ತಿರುಗಿಸಿ, ಸಾಮಗ್ರಿ ಪಟ್ಟಿಯ ಕೆಳಗೆ "ಕಂಟೇನ್ಸ್ ಮಿಲ್ಕ್" ಅಂತ ಇದೆಯೇ ನೋಡಿ. ಹಾಲು ಇದ್ದರೆ ಅಲರ್ಜಿಯ ಸಾಲಿನಲ್ಲಿ ಅದನ್ನು ಹೇಳಲೇಬೇಕು ಅಂತ ನಿಯಮವಿದೆ. ಆಮೇಲೆ ಪಟ್ಟಿಯಲ್ಲಿ ಮಿಲ್ಕ್ ಸಾಲಿಡ್ಸ್, ವೇ, ಕೇಸಿನೇಟ್, ಲ್ಯಾಕ್ಟೋಸ್, ಬಟರ್ ಆಯಿಲ್ ಹುಡುಕಿ, ಎಲ್ಲ ಹಾಲಿನಿಂದ ಬಂದವೇ. ಒಂದು ಸಿಕ್ಕಿದರೂ ವಾಪಸ್ ಇಡಿ. ನಂಬರುಗಳಿಗೆ ಅಷ್ಟು ಹೆದರಬೇಕಾಗಿಲ್ಲ. 412 ಅಂದರೆ ಗೋರಿಕಾಯಿ ಜಾತಿಯ ಬೀಜದ ಅಂಟು, 407 ಕಡಲ ಪಾಚಿಯದ್ದು. ನಾವು ಪಲ್ಯ ಮಾಡುವ ಗೋರಿಕಾಯಿ ಐಸ್‌ಕ್ರೀಮಿನ ಹೊಟ್ಟೆಯಲ್ಲೂ ಇದೆ ಅಂತ ಗೊತ್ತಾದ ದಿನ ನನಗೆ ಬಹಳ ಖುಷಿಯಾಗಿತ್ತು.

ಎಲ್ಲರೂ ಜಾರಿ ಬೀಳುವ ಜಾಗ ಒಂದಿದೆ, ನಾನೂ ಬಿದ್ದಿದ್ದೇನೆ. ಪೊಟ್ಟಣದ ಮೇಲೆ "ಫ್ರೋಜನ್ ಡೆಸರ್ಟ್" ಅಂತ ಇರುತ್ತದೆ. "ಅಯ್ಯೋ, ಅದರಲ್ಲಿ ಹಾಲೇ ಇಲ್ಲ, ಬರೀ ಎಣ್ಣೆ" ಅಂತ ಯಾರಾದರೂ ಮೂಗು ಮುರಿಯುತ್ತಾರೆ. ನಮ್ಮಂಥವರು ಅದನ್ನು ಕೇಳಿ ಓಡಿ ಹೋಗಿ ಎರಡು ಡಬ್ಬ ತರುತ್ತೇವೆ. ನಿಜ ಏನೆಂದರೆ, ಐಸ್‌ಕ್ರೀಮ್ ಅಂತ ಬರೆಯಬೇಕಾದರೆ ಅದರಲ್ಲಿ ಕನಿಷ್ಠ 10 ಶೇಕಡಾ ಹಾಲಿನ ಕೊಬ್ಬು ಇರಬೇಕು. ಆ ಕೊಬ್ಬಿನ ಜಾಗಕ್ಕೆ ತಾಳೆಎಣ್ಣೆಯಂಥದ್ದು ಬಂದರೆ ಅದು ಫ್ರೋಜನ್ ಡೆಸರ್ಟ್. ಬದಲಾದದ್ದು ಕೊಬ್ಬು ಮಾತ್ರ. ದೊಡ್ಡ ಕಂಪನಿಗಳ ಕೋನು, ಕಪ್ಪುಗಳಲ್ಲಿ ಹಾಲಿನ ಪುಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ತಮಾಷೆಯೆಂದರೆ, ನಿಜವಾದ ವೀಗನ್ ಡಬ್ಬದ ಮೇಲೂ ಎಷ್ಟೋ ಸಲ "ಫ್ರೋಜನ್ ಡೆಸರ್ಟ್" ಅಂತಲೇ ಇರುತ್ತದೆ, ಹಾಲಿನ ಕೊಬ್ಬಿಲ್ಲದೆ ಐಸ್‌ಕ್ರೀಮ್ ಅನ್ನುವ ಹಾಗಿಲ್ಲವಲ್ಲ. ಒಂದೇ ಹೆಸರು, ಒಳಗಿನದು ಬೇರೆ. ಹೆಸರು ಬಿಡಿ, ಪಟ್ಟಿ ಓದಿ.

ಹಾಗೆಯೇ "ಲ್ಯಾಕ್ಟೋಸ್ ಫ್ರೀ" ಅಂದರೂ ಅದು ಹಾಲೇ, ಅದರೊಳಗಿನ ಸಕ್ಕರೆಯನ್ನು ಮಾತ್ರ ಒಡೆದಿರುತ್ತಾರೆ. "ಡಾರ್ಕ್ ಚಾಕೊಲೇಟ್" ಅಂದರೂ ಹಾಲಿನ ಕೊಬ್ಬು ಇರಬಹುದು. ಮೊಬೈಲಿನ ದಿನಸಿ ಆ್ಯಪ್‌ಗಳಲ್ಲಿ ವೀಗನ್ ಅಂತ ಹುಡುಕಿದರೆ ಬಾದಾಮ್ ಕುಲ್ಫಿ ತೋರಿಸುತ್ತವೆ; ಬಾದಾಮಿ ಇದೆಯಲ್ಲ, ಸಾಕು ಅಂತಿರಬೇಕು. ಹಿಂಬದಿ ಚೀಟಿಯ ಫೋಟೋ ದೊಡ್ಡದು ಮಾಡಿ ಓದದೆ ದುಡ್ಡು ಕಟ್ಟಬೇಡಿ.

ಇನ್ನು ಮಂಗಳೂರು ಕಡೆಯವರಿಗೆ ಒಂದು ಮಾತು, ಬೇಜಾರಿನದ್ದೇ. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತ್ 1984ರಲ್ಲಿ ಮುಂಬೈಯ ಜುಹುವಿನಲ್ಲಿ ಶುರು ಮಾಡಿದ ನ್ಯಾಚುರಲ್ಸ್‌ನ ಎಳನೀರು ಐಸ್‌ಕ್ರೀಮ್ ಇಡೀ ದೇಶಕ್ಕೆ ಗೊತ್ತು. ಅದು ನಿಂತಿರುವುದೇ ಹಾಲು, ಹಣ್ಣು, ಸಕ್ಕರೆಯ ಮೇಲೆ. ಹೆಸರಿನಲ್ಲಿ ಎಳನೀರು ಇದ್ದ ಮಾತ್ರಕ್ಕೆ ನಮಗೆ ದಕ್ಕುವುದಿಲ್ಲ. ಗಡ್‌ಬಡ್ (ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು ಪದರ ಪದರವಾಗಿ ಹಾಕುವ ಕರಾವಳಿಯ ತಿನಿಸು) ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಹೊರಗೆ ಕೂತು ತಿನ್ನುವುದು ಏನು? ಜೆಲಾಟೊ, ಅಂದರೆ ಇಟಲಿ ಶೈಲಿಯ ಐಸ್‌ಕ್ರೀಮ್, ಮಾರುವ ಅಂಗಡಿಗೆ ಹೋಗಿ. ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್ ಕಡೆ ಬೇಕಾದಷ್ಟಿವೆ. ಅಲ್ಲಿ ಸಾರ್ಬೆ ಅಂತ ಇರುತ್ತದೆ: ಹಣ್ಣು, ನೀರು, ಸಕ್ಕರೆ. ನಿಂಬೆ, ಪ್ಯಾಶನ್ ಫ್ರೂಟ್, ಬೇಸಿಗೆಯಲ್ಲಿ ಮಾವು. ಶರ್ಬೆಟ್ ಅಂತ ಬರೆದಿದ್ದರೆ ಹುಷಾರು, ಅದಕ್ಕೆ ಸ್ವಲ್ಪ ಹಾಲು ಹಾಕುವ ರೂಢಿ ಇದೆ. ಚಾಕೊಲೇಟ್ ಸಾರ್ಬೆಯನ್ನು ನೀರಲ್ಲಿ ಮಾಡಿದ್ದಾ ಹಾಲಲ್ಲಾ ಅಂತ ಕೇಳಿ. ನೀರಲ್ಲಿ ಮಾಡಿದ್ದರೆ ಬಿಡಬೇಡಿ, ಕಾರ್ನರ್ ಹೌಸ್ ಐಸ್‌ಕ್ರೀಮ್ ಅಂಗಡಿಯ ಡೆತ್ ಬೈ ಚಾಕೊಲೇಟ್ ಬಿಟ್ಟ ದುಃಖ ಅರ್ಧ ಇಳಿಯುತ್ತದೆ. ಪೂರ್ತಿ ಇಳಿಯುತ್ತದೆ ಅಂದರೆ ಸುಳ್ಳಾಗುತ್ತದೆ. ಕಾರ್ನರ್ ಹೌಸ್‌ನಲ್ಲಿ ಕಾಲೇಜು ಮುಗಿಸಿದವಳು ನಾನು.

ಸಾರ್ಬೆ ಅಂತ ಖಾತ್ರಿಯಾದ ಮೇಲೂ ಕೆಲಸ ಮುಗಿಯುವುದಿಲ್ಲ. ನಮ್ಮಕ್ಕನ ಮಗನಿಗೆ ಹಾಲಿನ ಅಲರ್ಜಿ. ಏಳು ವರ್ಷದವನಿದ್ದಾಗ ಒಂದು ಅಂಗಡಿಗೆ ಕರೆದುಕೊಂಡು ಹೋಗಿ, ನನ್ನ ಎಲ್ಲ ಪ್ರಶ್ನೆ ಕೇಳಿ, ಚೀಟಿಯನ್ನೂ ಓದಿ, ಮಾವಿನ ಸಾರ್ಬೆ ಕೊಡಿಸಿದೆ. ಐದು ನಿಮಿಷಕ್ಕೆ "ಚಿಕ್ಕಮ್ಮಾ, ತುಟಿ ಚುಚ್ಚುತ್ತೆ" ಅಂದ. ನೋಡುತ್ತಿದ್ದಂತೆ ಕೆಳತುಟಿ ಊದಿಕೊಂಡಿತು. ಅಕ್ಕನ ಬ್ಯಾಗಿನಲ್ಲಿ ಔಷಧಿ ಇತ್ತು, ಆಸ್ಪತ್ರೆಗೂ ಓಡಿದೆವು, ದೇವರ ದಯೆ, ಅಷ್ಟಕ್ಕೇ ನಿಂತಿತು. ಆಮೇಲೆ ಯೋಚಿಸಿದರೆ ಕಣ್ಣಿಗೆ ಕಟ್ಟಿದ ಹಾಗಿದೆ: ನಮ್ಮ ಮುಂದಿನವರಿಗೆ ಬಟರ್‌ಸ್ಕಾಚ್ ತೆಗೆದ ಸೌಟನ್ನು ಆ ಹುಡುಗ ಪಕ್ಕದ ನೀರಿನ ಡಬ್ಬಕ್ಕೆ ಅದ್ದಿದ. ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಿತ್ತು. ಅದೇ ಸೌಟಿನಲ್ಲಿ ಮಾವು ತೆಗೆದುಕೊಟ್ಟ. ನಾನು ಅಲ್ಲೇ ನಿಂತು ನೋಡುತ್ತಿದ್ದೆ.

ಆದ್ದರಿಂದ ಹೊಸ ಸೌಟು ಕೇಳಿ, ಇಲ್ಲ ಅಂದರೆ ನಲ್ಲಿ ಕೆಳಗೆ ತೊಳೆಸಿ. ಇಷ್ಟಪಟ್ಟು ಹಾಲು ಬಿಟ್ಟವರಿಗೆ ಒಂದು ಹನಿ ಮನಸ್ಸಿನ ಕಿರಿಕಿರಿ ಇರಬಹುದು, ಅಲರ್ಜಿ ಇದ್ದವರಿಗೆ ಅದು ಜೀವದ ಪ್ರಶ್ನೆ. ಮಗುವಿಗೆ ಅಲರ್ಜಿ ಇದ್ದರೆ ನನ್ನ ಸಲಹೆ, ತೆರೆದ ಟಬ್ಬಿನಿಂದ ತೆಗೆಸಲೇಬೇಡಿ. ಸಾರ್ಬೆ ತಿರುಗಿಸುವ ಯಂತ್ರವೂ ಹಾಲಿನದ್ದಕ್ಕೆ ಬಳಸಿದ್ದೇ ಇರಬಹುದು. ಸೀಲ್ ಇರುವ ಡಬ್ಬ ತನ್ನಿ, "ಮೇ ಕಂಟೇನ್ ಮಿಲ್ಕ್" ಅಂತ ಇದ್ದರೆ ಅದನ್ನೂ ಬಿಡಿ. ಕೋನಿನಲ್ಲೂ ಬೆಣ್ಣೆ, ಹಾಲಿನ ಪುಡಿ ಇರಬಹುದು, ಮುಖ್ಯವಾಗಿ ಬಿಸ್ಕತ್ತಿನ ಹಾಗೆ ಕಂದು ಬಣ್ಣದ ವಾಫಲ್ ಕೋನಿನಲ್ಲಿ. ಕಪ್ಪಿನಲ್ಲಿ ತಿನ್ನಿ.

ಬೀದಿಗೆ ಬಂದರೆ ನಮ್ಮ ಭಾಗ್ಯ ತೆರೆಯುತ್ತದೆ. ವಿ.ವಿ. ಪುರದ ತಿಂಡಿ ಬೀದಿಗೆ ಸಂಜೆ ಏಳರ ಹೊತ್ತಿಗೆ ಹೋಗಿ, ಗೋಲಾದವನ ಮುಂದೆ ನಿಲ್ಲಿ. ಹೆರೆದ ಐಸನ್ನು ಕಡ್ಡಿಗೆ ಒತ್ತಿ, ಕಾಲಾ ಖಟ್ಟಾ ಅನ್ನೋ ಹುಳಿಸಿಹಿ ಪಾಕ ಸುರಿದು, ಮೇಲೆ ಕಪ್ಪುಪ್ಪು ಉದುರಿಸಿ ಕೊಡುತ್ತಾನೆ. ಬಾಯಿ ನೇರಳೆಯಾಗುತ್ತದೆ. "ಅಣ್ಣಾ, ಮಲಾಯಿ ಬೇಡ, ಮಿಲ್ಕ್‌ಮೇಡ್ ಬೇಡ" ಅಂತ ಮೊದಲೇ ಹೇಳಿಬಿಡಿ, ಕೆಲವರು ಪ್ರೀತಿಯಿಂದ ಕೇಳದೆಯೇ ಸುರಿಯುತ್ತಾರೆ. ಅದೇ ಬೀದಿಯ ಗುಲ್ಕಂದ್ ಹೆಸರುವಾಸಿ, ಆದರೆ ಅದನ್ನು ಕೊಡುವುದು ಬೆಣ್ಣೆ ಹಾಕಿ. ಬೆಣ್ಣೆ ಬಿಟ್ಟು ಬರೀ ಹಣ್ಣಿನ ಜೊತೆ ಕೇಳಬಹುದು, ಜೇನು ಹಾಕಿದ್ದಾರಾ ವಿಚಾರಿಸಿ. ಐಸ್ ಯಾವ ನೀರಿನದ್ದು ಅನ್ನೋ ಪ್ರಶ್ನೆ ನಿಮ್ಮ ಹೊಟ್ಟೆಗೆ ಬಿಟ್ಟದ್ದು. ನನ್ನದು ತಡೆದುಕೊಳ್ಳುತ್ತದೆ, ಅಕ್ಕನ ಮಗನಿಗೆ ಕೊಡಿಸುವುದಿಲ್ಲ. ಜ್ಯೂಸ್ ಅಂಗಡಿಯಲ್ಲಾದರೆ ಮಿಲ್ಕ್‌ಶೇಕ್ ಮಾಡಿದ ಜಾರನ್ನು ತೊಳೆಸಿಯೇ ನಿಮ್ಮದು ಮಾಡಿಸಿ.

ಗಡ್‌ಬಡ್ ಮಾತ್ರ ಮನೆಯಲ್ಲೇ. ಅದಕ್ಕೆ ಮೂರು ಐಸ್‌ಕ್ರೀಮ್ ಬೇಕಾಗುತ್ತದೆ, ನಾನು ಎರಡರಲ್ಲಿ ಮುಗಿಸುತ್ತೇನೆ. ಒಂದು, ಏಲಕ್ಕಿ ಬಾಳೆ: ಚೆನ್ನಾಗಿ ಹಣ್ಣಾದ, ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಂದ ಎಂಟು ಹಣ್ಣು ಬಿಲ್ಲೆ ಮಾಡಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಎರಡು ಚಮಚ ತೆಂಗಿನ ಹಾಲಿನ ಜೊತೆ ಮಿಕ್ಸಿಗೆ. ಒಂದೇ ಸಮ ತಿರುಗಿಸಿದರೆ ಮಿಕ್ಸಿ ಬಿಸಿಯಾಗಿ ಎಲ್ಲ ನೀರಾಗುತ್ತದೆ. ಬಿಟ್ಟು ಬಿಟ್ಟು, ನಡುವೆ ಚಮಚದಲ್ಲಿ ಕೆದಕಿ. ಮೊದಲು ಪುಡಿಪುಡಿಯಾಗುತ್ತದೆ, ಕೆಟ್ಟಿತು ಅಂದುಕೊಳ್ಳುವ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಬೆಣ್ಣೆಯಂತೆ ಕೂಡಿಕೊಳ್ಳುತ್ತದೆ.

ಇನ್ನೊಂದು, ಹಲಸಿನದು. ಎರಡು ತೆಂಗಿನಕಾಯಿಯ ಮೊದಲ ಹಾಲು, ಮುಕ್ಕಾಲು ಕಪ್ ಬೆಲ್ಲ, ಹತ್ತು ಹನ್ನೆರಡು ತೊಳೆ ಹಲಸು, ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ. ಆರಿಸದೆ ಸುರಿದು ಒಂದು ಸಲ ಹಾಲು ಒಡೆದು, ಅಮ್ಮ ಅದನ್ನು ಪಾಯಸ ಅಂತ ಬಡಿಸಿ ನನ್ನ ಮಾನ ಉಳಿಸಿದಳು. ಎಲ್ಲ ರುಬ್ಬಿ ಸ್ಟೀಲ್ ಡಬ್ಬದಲ್ಲಿ ಫ್ರೀಜರಿಗಿಡಿ. ಎರಡು ಗಂಟೆ ಬಿಟ್ಟು, ಅಂಚು ಕಟ್ಟಿದಾಗ ಮತ್ತೆ ಮಿಕ್ಸಿಗೆ ಹಾಕಿ ಇಡಿ. ಇನ್ನೊಮ್ಮೆ ಹಾಗೇ ಮಾಡಿ, ಇಲ್ಲದಿದ್ದರೆ ಹರಳು ಕಟ್ಟುತ್ತದೆ. ತೆಂಗಿನ ಕೊಬ್ಬು ತಣ್ಣಗಾದರೆ ಕಲ್ಲು. ಕೊಂಡು ತಂದ ತೆಂಗಿನ ಹಾಲಿನ ಐಸ್‌ಕ್ರೀಮ್ ಡಬ್ಬವೂ ಅಷ್ಟೇ. ತಿನ್ನುವ ಹತ್ತು ಹದಿನೈದು ನಿಮಿಷ ಮೊದಲು ಹೊರಗಿಡಿ, ಚಮಚ ಬಾಗಿಸಬೇಡಿ.

ನಡುವೆ ಜೆಲ್ಲಿ ಬೇಕಲ್ಲ, ಜೆಲಾಟಿನ್ ಪ್ರಾಣಿಯ ಮೂಳೆ ಚರ್ಮದ್ದು. ಅಂಗಡಿಯಲ್ಲಿ ಚೀನಾ ಗ್ರಾಸ್ ಕೇಳಿ, ಅದು ಕಡಲ ಪಾಚಿ. ಉದ್ದ ಗ್ಲಾಸಿನಲ್ಲಿ ಬಾಳೆಯದು, ಜೆಲ್ಲಿ, ಹೆಚ್ಚಿದ ಹಣ್ಣು, ಹಲಸಿನದು, ಮೇಲೆ ಗೋಡಂಬಿ. ಅಕ್ಕನ ಮಗ ಈಗ ಹನ್ನೊಂದರವನು, ಉದ್ದ ಚಮಚವನ್ನು ತಳದ ತನಕ ಇಳಿಸಿ ತಿನ್ನುತ್ತಾನೆ, ಒಂದೂ ಪ್ರಶ್ನೆ ಕೇಳದೆ.

ಇಷ್ಟೆಲ್ಲ ತಾಪತ್ರಯವೇ ಬೇಡ ಅನ್ನಿಸಿದ ದಿನ, ಏಪ್ರಿಲ್ ಮೇ ಆಗಿದ್ದರೆ, ರಸ್ತೆ ಬದಿ ತಾಟಿನುಂಗಿನ ರಾಶಿ ಹುಡುಕಿ. ಒಂದು ಡಜನ್ ಬಿಡಿಸಿಕೊಂಡು ಮನೆಗೆ ತಂದು, ಸಿಪ್ಪೆ ಸುಲಿದು, ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಕಚ್ಚಿದರೆ ಒಳಗಿನ ನೀರು ಐಸಿನಷ್ಟು ತಣ್ಣಗೆ ಬಾಯಿಗೆ ಒಡೆಯುತ್ತದೆ. ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಎಳೆಯದೆಲ್ಲ ಖಾಲಿಯಾಗಿ ಬಲಿತದ್ದೇ ಉಳಿದಿರುತ್ತದೆ. ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋದರೆ ಮಾತ್ರ ತಗೊಳ್ಳಿ.